ಹೊಂಡದಾಗ ಸಿಗಡಿ ಸಾಯಾಕತ್ತಾವ್ರಿ, ನೀರು ಹಳ್ಳಕ್ಕ ಬಿಡಲೋ ಬ್ಯಾಡೋ?

ಅಥಣಿ ಹೊಂಡದವ · ನವೆಂಬರ್ 22, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ನಾ ಅಥಣಿ ತಾಲ್ಲೂಕಿನವ. ಕೃಷ್ಣಾ ದಂಡಿಗೆ ನಮ್ದು ಐದೆಕರೆ ಎರಿ ಭೂಮಿ, ಅದರಾಗ ಎರಡೆಕರೆ ಸವಳು ಹಿಡದು ಹದಿನೈದು ವರ್ಷ ಆತು. ಕಬ್ಬು ಹಚ್ಚಿದ್ರ ಮೊಳಕಾಲ ಮಟ ಬಂದು ಹಳದಿ ಆಗಿ ನಿಂತು ಬಿಡತಿತ್ತು. ಬ್ಯಾಸಗ್ಯಾಗ ನೆಲದ ಮ್ಯಾಲ ಉಪ್ಪು ಬೆಳ್ಳಗ ಹಿಟ್ಟು ಚೆಲ್ಲಿದಂಗ ಕಾಣತೈತಿ. ಬೋರಿನ ನೀರಿನಾಗ ಲೀಟರಿಗೆ 6 ಗ್ರಾಂ ಉಪ್ಪು. ಅದಕ್ಕ ಒಂದೆಕರೆ ಹೊಂಡ ತಗಿಸಿ ವನ್ನಾಮಿ ಸಿಗಡಿ ಬಿಟ್ಟೆ. ಮೊದಲನೇ ಬೆಳಿ ಮಾರ್ಚ್‌ಕ್ಕ ಬಿಟ್ಟು ಜೂನ್‌ಕ್ಕ ತಗದ್ವಿ. ಚಲೋ ಆತು, ಸಾಲದ ಅರ್ಧ ಮುಟ್ಟಿಸಿದೆ.

ಎರಡನೇ ಬೆಳಿಗೆ ಅಕ್ಟೋಬರ್ 11ಕ್ಕ 1 ಲಕ್ಷ 60 ಸಾವಿರ ಮರಿ ಬಿಟ್ಟೇನಿ. ಇವತ್ತಿಗೆ 42 ದಿನ. ಮೊನ್ನಿ ಮುಂಜಾನೆ ನಮ್ಮ ಮನಿಯಾಕಿ ಹೊಂಡದ ಕಡೆ ಹೋಗಿ ಬಂದು, "ಬೆಳ್ಳಕ್ಕಿ ಎಲ್ಲಾ ಬಡಗಣ ಮೂಲ್ಯಾಗ ಕುಂತಾವಲ್ಲ, ಅಲ್ಲೇನೈತಿ?" ಅಂತ ಕೇಳಿದ್ಳು. ಹೋಗಿ ನೋಡಿದ್ರ ಸಿಗಡಿ ದಂಡಿಗೆ ಬಂದು ಮೆಲ್ಲಕ ಈಜಾಕತ್ತಿದ್ವು, ಕೈ ಹಾಕಿದ್ರ ಓಡಂಗಿಲ್ಲ. ನಿನ್ನಿ ಹತ್ತಿಪ್ಪತ್ತು ಸತ್ತಿದ್ವು. ಇವತ್ತ ಬುಟ್ಟಿ ತುಂಬ ಸತ್ತಾವ. ಚೆಕ್ ಟ್ರೇ ಎತ್ತಿದ್ರ ಹಾಕಿದ ಮೇವು ಹಾಕಿದಂಗ ಐತಿ. ಮೈ ಗುಲಾಬಿ ಬಣ್ಣಕ್ಕ ತಿರಗೇತಿ. ತಲಿ ಮ್ಯಾಲಿನ ಚಿಪ್ಪು ಉಗುರಿನಿಂದ ಎಬ್ಬಿಸಿ ಬಿಸಲಿಗೆ ಹಿಡದ್ರ ಒಳಗ ಸಾಸವಿಗಿಂತ ಸಣ್ಣ ಬಿಳಿ ಚುಕ್ಕಿ ಕಾಣತಾವ, ಎಲ್ಲಾದರಾಗೂ ಅಲ್ಲ, ಹತ್ತರಾಗ ಮೂರ್ನಾಲ್ಕರಾಗ.

ಔಷಧಿ ಅಂಗಡಿಯವರು "ವೈರಸ್ ಕಂಟ್ರೋಲ್" ಅಂತ ಎರಡು ಕ್ಯಾನ್ ಕೊಟ್ಟಾರ, ಮೇವಿನಾಗ ಕಲಸಿ ಹಾಕು ಅಂದಾರ. ಮೇವ ತಿನ್ನದವು ಔಷಧಿ ಹೆಂಗ ತಿಂತಾವ್ರಿ? ನಮ್ಮ ಕಾಕಾನ ಮಗ ಹೇಳತಾನ, "ರಾತ್ರಿ ತೂಬು ತಗದು ಹಳ್ಳಕ್ಕ ಬಿಡು, ಯಾರಿಗೂ ಗೊತ್ತಾಗೂದಿಲ್ಲ, ಹೊಸಾ ನೀರು ತುಂಬಸು." ಹಳ್ಳ ಎರಡು ಕಿಲೋಮೀಟರ್ ಹೋಗಿ ಕೃಷ್ಣಾಕ್ಕ ಕೂಡತೈತಿ. ನಡುವ ಇಬ್ಬರು ಹಳ್ಳದ ನೀರು ಎತ್ತಿ ಹೊಂಡ ಮಾಡ್ಯಾರ, ಒಬ್ಬಂದು ಸಿಹಿನೀರ ಸಿಗಡಿ ಐತಿ. ನನಗ ಮನಸ್ಸು ಒಪ್ಪವಲ್ದು. ಆದ್ರ ಇಟಗೊಂಡು ಏನ ಮಾಡಲಿ? ತಿಳಿದವರು ದಯಮಾಡಿ ಹೇಳ್ರಿ, ಇವತ್ತ ರಾತ್ರಿನ ನಿರ್ಧಾರ ಮಾಡಬೇಕು.

ಭೂತನಾಳ ಮೀನು · ನವೆಂಬರ್ 22, ರಾತ್ರಿ 9:58

ತೂಬು ಮುಟ್ಟಬೇಡಿ. ಮೊದಲು ಇಷ್ಟು ಓದಿಕೊಳ್ಳಿ, ಉಳಿದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ನೀರು ಹೊರಗೆ ಬಿಡಬೇಡಿ, ಹೊಸ ನೀರು ಒಳಗೆ ತರಬೇಡಿ. ಸತ್ತವನ್ನು ದಂಡೆಯ ಮೇಲೆ ಎಸೆಯಬೇಡಿ, ಕಾಗೆ ಬೆಳ್ಳಕ್ಕಿ ಕಚ್ಚಿಕೊಂಡು ಹೋಗಿ ಪಕ್ಕದ ಹೊಂಡದಲ್ಲಿ ಬೀಳಿಸುತ್ತವೆ. ಮುಚ್ಚಳವಿರುವ ಡ್ರಮ್ಮಿನಲ್ಲಿ ಹಾಕಿಡಿ. ಆ ಎರಡು ಕ್ಯಾನು ಸೀಲ್ ಒಡೆಯದೆ ವಾಪಸ್ ಕೊಡಿ.

ರಾಯಬಾಗ ಹುಡುಗ · ನವೆಂಬರ್ 22, ರಾತ್ರಿ 10:05

ಅಣ್ಣಾರ, ನಾ ಆಂಧ್ರದ ಭೀಮವರಂ ಕಡೆ ಎರಡು ವರ್ಷ ಹೊಂಡದಾಗ ದುಡದೀನಿ. ನೀವು ಹೇಳೂದು ಕೇಳಿದ್ರ ವೈಟ್ ಸ್ಪಾಟ್, ಅಂದ್ರ ಬಿಳಿಚುಕ್ಕಿ ರೋಗ, ಬಂದಂಗ ಕಾಣತೈತಿ. ಅಲ್ಲೆ ಒಂದು ಹೊಂಡಕ್ಕ ಬಂತಂದ್ರ ಆ ಹೊಂಡದಾಗ ಇಳದವರನ್ನ ಬಾಜೂ ಹೊಂಡಕ್ಕ ಬಿಡೂದಿಲ್ಲ, ಬಲಿ ಬ್ಯಾರೆ, ಬಕೆಟ್ ಬ್ಯಾರೆ. ನೀವೂ ಇವತ್ತಿಂದ ಆ ಹೊಂಡದ ಸಾಮಾನು ಹೊರಗ ತಗೀಬ್ಯಾಡ್ರಿ.

ಭೂತನಾಳ ಮೀನು · ನವೆಂಬರ್ 22, ರಾತ್ರಿ 10:50

ನಾನು ಮೀನುಗಾರಿಕೆ ವಿಜ್ಞಾನ ಓದಿದವನು, ವಿಜಯಪುರದಲ್ಲಿದ್ದೇನೆ. ಹೊಂಡವನ್ನು ಕಣ್ಣಾರೆ ನೋಡದೆ ಇದೇ ರೋಗ ಅಂತ ಹೇಳಲಾರೆ. ಆದರೆ ಲಕ್ಷಣವೆಲ್ಲ ಬಿಳಿಚುಕ್ಕಿ ಅನ್ನುವ ವೈರಸ್ ರೋಗದ ಕಡೆಗೇ ಬೆರಳು ತೋರಿಸುತ್ತಿವೆ. ಮೇವು ಬಿಡುವುದು, ದಂಡೆಗೆ ಬರುವುದು, ಮೈ ಕೆಂಪಾಗುವುದು, ಮೊದಲ ದಿನ ಹತ್ತು ಮಾರನೇ ದಿನ ಬುಟ್ಟಿ ಅನ್ನುವ ಹಾಗೆ ಸಾವು ಏರುವುದು. ಸಾವು ಶುರುವಾದ 3ರಿಂದ 10 ದಿನದೊಳಗೆ ನೂರಕ್ಕೆ 80ರಿಂದ 100ರಷ್ಟು ಹೋಗಿಬಿಡುವ ರೋಗ ಇದು.

ಆದರೂ ಚುಕ್ಕಿ ನೋಡಿ ತೀರ್ಮಾನ ಮಾಡಬೇಡಿ, ಅದರಲ್ಲೂ ನಮ್ಮ ಭಾಗದಲ್ಲಿ. ನಮ್ಮ ಬೋರಿನ ನೀರು ಗಡುಸು, ಕ್ಷಾರ ಹೆಚ್ಚು. ಕ್ಷಾರ ಹೆಚ್ಚಿರುವ ನೀರಿನಲ್ಲಿ ವೈರಸ್ ಇಲ್ಲದೆಯೂ ಚಿಪ್ಪಿನ ಮೇಲೆ ಬಿಳಿ ಚುಕ್ಕಿ ಬರುತ್ತವೆ. ಕೆಲವು ಬ್ಯಾಕ್ಟೀರಿಯಾದಿಂದಲೂ ಬರುತ್ತವೆ. ಇನ್ನೊಂದು ಕಡೆ, ವನ್ನಾಮಿಯಲ್ಲಿ ವೈರಸ್ ಇದ್ದು ಸಾಯುವಾಗಲೂ ಚುಕ್ಕಿಯೇ ಕಾಣದೆ ಇರಬಹುದು. ಟ್ರೇ ಎತ್ತಿದಾಗ ಸಿಗಡಿ ಬಿಲ್ಲಿನ ಹಾಗೆ ಬಾಗಿ ಬಿಗಿದುಕೊಂಡು, ಮಾಂಸ ಬೆಳ್ಳಗಾಗುತ್ತಿದೆಯೇ? ಹಾಗಿದ್ದರೆ ಅದು ಪೊಟ್ಯಾಷ್, ಮೆಗ್ನೀಷಿಯಂ ಕೊರತೆ. ಒಳನಾಡಿನ ಉಪ್ಪುನೀರಲ್ಲಿ ಸುಣ್ಣದಂಶ ಹೇರಳ, ಪೊಟ್ಯಾಷ್ ಬಹಳ ಕಡಿಮೆ. ಸಮುದ್ರದ ಉಪ್ಪು ಬೇರೆ, ನಮ್ಮ ಸವಳಿನ ಉಪ್ಪು ಬೇರೆ.

ಹಾಗಾಗಿ ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಆಗಲೇಬೇಕು. ಸತ್ತು ನಾರಿದವು ಬೇಡ, ಸಾಯುವ ಹಂತದಲ್ಲಿರುವ ಹತ್ತು ಸಿಗಡಿ ಆರಿಸಿ. ಹೊಟ್ಟೆಯ ಕೆಳಗಿನ ಈಜುಗಾಲು ಮತ್ತು ಕಿವಿರು ಕತ್ತರಿಸಿ 95% ಆಲ್ಕೋಹಾಲಿನಲ್ಲಿ ಮುಳುಗಿಸಿ ಕಳಿಸಿ. ಕಣ್ಣು ಹಾಕಬೇಡಿ, ಕಣ್ಣಿನಲ್ಲಿರುವ ಅಂಶ ಪರೀಕ್ಷೆಯನ್ನೇ ತಡೆದುಬಿಡುತ್ತದೆ. ತಲೆಯೊಳಗಿನ ಕಂದು ಬಣ್ಣದ ಯಕೃತ್ತೂ ಈ ವೈರಸ್ಸಿಗೆ ಸರಿಯಾದ ಸ್ಯಾಂಪಲ್ ಅಲ್ಲ. ಇವತ್ತು ರಾತ್ರಿಯೇ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೂ ಒಂದು ಮೆಸೇಜ್ ಹಾಕಿ.

ಅಥಣಿ ಹೊಂಡದವ · ನವೆಂಬರ್ 22, ರಾತ್ರಿ 11:10

ತೂಬಿಗೆ ಮಣ್ಣಿನ ಚೀಲ ಒಟ್ಟಿ ಬಂದೆ ಸರ್. ಕಾಕಾನ ಮಗ ಸಿಟ್ಟಾಗಿ ಹೋದ. ಬಾಗಿ ಬಿಗಿಯೂದು ಇಲ್ರಿ, ಮೆತ್ತಗ ಆಗ್ಯಾವ. ಆಲ್ಕೋಹಾಲ್ ಮುಂಜಾನೆ ಅಥಣಿ ಮೆಡಿಕಲ್‌ದಾಗ ಕೇಳತೀನಿ. ಮಂದಿ ಇದನ್ನ ತಿಂದ್ರ ಏನಾರ ಆಗತೈತೇನ್ರಿ? ದನಾ ಹಳ್ಳದಾಗ ನೀರು ಕುಡೀತಾವ.

ಭೂತನಾಳ ಮೀನು · ನವೆಂಬರ್ 22, ರಾತ್ರಿ 11:22

ಮನುಷ್ಯರಿಗೆ, ದನಕ್ಕೆ, ಕಾಟ್ಲಾ ರೋಹು ಮೀನಿಗೆ ಈ ವೈರಸ್ ಏನೂ ಮಾಡುವುದಿಲ್ಲ. ಮುಖ್ಯವಾಗಿ ಹತ್ತು ಕಾಲಿನ ಚಿಪ್ಪುಜೀವಿಗಳಿಗೆ ತಗಲುವ ರೋಗ. ಅಂದರೆ ಸಿಗಡಿ ಮತ್ತು ಏಡಿ. ಹಳ್ಳದ ಏಡಿಗೂ ತಗಲುತ್ತದೆ. ನಿಮ್ಮ ಕೆಳಗಿನವರ ಸಿಹಿನೀರ ಸಿಗಡಿ ಬಹುಮಟ್ಟಿಗೆ ತಾನು ಸಾಯದೆ ವೈರಸ್ಸನ್ನು ಹೊತ್ತುಕೊಂಡಿರಬಲ್ಲದು, ಅದಕ್ಕೇ ಹೆಚ್ಚು ಭಯ. ನೀವು ಇವತ್ತು ಹಳ್ಳಕ್ಕೆ ಬಿಟ್ಟದ್ದು ಮುಂದಿನ ವರ್ಷ ಏಡಿಯ ಮೈಯಲ್ಲಿ ನಿಮ್ಮ ಹೊಂಡಕ್ಕೇ ನಡೆದುಕೊಂಡು ಬರಬಹುದು.

ಕುಮಟಾ ಮಗಳು · ನವೆಂಬರ್ 23, ಬೆಳಿಗ್ಗೆ 6:15

ರಾತ್ರಿ ಇದನ್ನು ಓದಿ ನಿದ್ದೆ ಬರಲಿಲ್ಲ. ನಾನು ಈಗ ಬೆಳಗಾವಿಯಲ್ಲಿದ್ದೇನೆ, ತವರು ಕುಮಟಾ, ಅಘನಾಶಿನಿ ದಂಡೆ. ನದಿಯ ಉಪ್ಪುನೀರು ಏರಿ ಬರುವ ನಮ್ಮ ಗಜನಿ ಗದ್ದೆಯಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಅದು ಮುಗಿದ ಮೇಲೆ ನದಿಯ ಉಪ್ಪುನೀರು ಒಳಗೆ ಬಿಟ್ಟುಕೊಂಡು ಸಿಗಡಿ. ಅದು ಅಜ್ಜನ ಕಾಲದ ಪದ್ಧತಿ, ನದಿ ಏನು ಕೊಟ್ಟಿತೋ ಅದು. 1990ರ ದಶಕದಲ್ಲಿ ಟೈಗರ್ ಸಿಗಡಿ ಅಂತ ಮರಿ ತಂದು ಒತ್ತೊತ್ತಾಗಿ ಬಿಡುವುದು ಶುರುವಾಯಿತು. ಈ ವೈರಸ್ 1992ರಲ್ಲಿ ತೈವಾನಿನಲ್ಲಿ ಕಂಡಿತು, 1994ಕ್ಕೆ ನಮ್ಮ ದೇಶದ ಪೂರ್ವ ಕರಾವಳಿ ತಲುಪಿತು, ಆಮೇಲೆ ನಮ್ಮ ಕಡೆಗೂ ಬಂತು. ನಾನಾಗ ಶಾಲೆಗೆ ಹೋಗುತ್ತಿದ್ದೆ.

ಅಪ್ಪನ ಹೊಂಡದಲ್ಲಿ ಸಾವು ಶುರುವಾದ ದಿನ ನನಗೆ ನೆನಪಿದೆ. ಇಳಿತದ ಹೊತ್ತಿಗೆ ಅಪ್ಪ ಹಲಗೆ ಎತ್ತಿ ನೀರು ಹೊಳೆಗೆ ಬಿಟ್ಟರು. ಆಗ ಹಾಗೆ ಮಾಡಬಾರದು ಅಂತ ಹೇಳುವವರೂ ಇರಲಿಲ್ಲ. ಮಾರನೇ ಭರತಕ್ಕೆ ಅದೇ ನೀರು ಎಲ್ಲರ ಗದ್ದೆಗೂ ಹೋಯಿತು. ಹದಿನೈದು ದಿನದಲ್ಲಿ ನಮ್ಮ ಸಾಲಿನ ಒಂದು ಹೊಂಡವೂ ಉಳಿಯಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮ ಹೊಂಡದ ದಂಡೆಯಲ್ಲಿ ಕೂತು ಸತ್ತ ಸಿಗಡಿಯನ್ನು ಒಂದೊಂದೇ ಹೆಕ್ಕಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು, ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಅಪ್ಪ ಕೊನೆಯ ತನಕ ಅವರ ಮುಖ ನೋಡಿ ಮಾತಾಡಲಿಲ್ಲ. ಅಣ್ಣಾ, ನೀವು ತೂಬಿಗೆ ಚೀಲ ಒಟ್ಟಿದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಅಂತ ಬರೆದು ಹೇಳಲಾರೆ.

ಹಿಪ್ಪರಗಿ ಕೆಳಗಿನವ · ನವೆಂಬರ್ 23, ಬೆಳಿಗ್ಗೆ 8:30

ತಮ್ಮಾ, ನಾನೂ ಒಕ್ಕಲುತನದವ. ವಯಸ್ಸು ಎಪ್ಪತ್ತು ದಾಟೇತಿ. ನಿನ್ನ ಹಳ್ಳದ ನೀರು ಕೃಷ್ಣಾಕ್ಕ ಕೂಡಿ ಹಿಪ್ಪರಗಿ ಬ್ಯಾರೇಜಿಗೆ ಬರತೈತಿ, ಅದರ ಕೆಳಗ ನನ್ನ ಹೊಲ. ನಿನ್ನ ನಷ್ಟ ಕೇಳಿ ಹೊಟ್ಟ್ಯಾಗ ಕಲಸಿದಂಗ ಆತು. ಆದ್ರ ಒಂದ ಮಾತು ಹೇಳಬೇಕು. ಸವಳು ಬಂದದ್ದ ಯಾಕ? ಕಾಲುವಿ ನೀರು ಬಂದಾಗ ಕಬ್ಬಿಗೆ ಮಿತಿ ಇಲ್ಲದ ಹರಿಸಿದ್ವಿ, ಎರಿ ಭೂಮಿ ಬಸಿಲಿಲ್ಲ, ತಳದ ಉಪ್ಪು ಮ್ಯಾಲೆ ಬಂತು. ಬಸಿಗಾಲುವಿ ತಗದು ಉಪ್ಪು ತೊಳದ್ರ ಭೂಮಿ ಮತ್ತ ತಿರಗತೈತಿ, ನಮ್ಮಲ್ಲೆ ಮಂದಿ ಪೈಪ್ ಹೂತು ತಿರಗಿಸ್ಯಾರ. ಅದರ ಮ್ಯಾಲ ಉಪ್ಪುನೀರು ನಿಲ್ಲಿಸಿದ್ರ ಬಾಜೂದವನ ಚಲೋ ಹೊಲನೂ ಹೋಗತೈತಿ. 1996ರಾಗ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಹೊಂಡದ ಮ್ಯಾಲ ತೀರ್ಪು ಕೊಟ್ಟಾಗ ಇದ ಮಾತು ಬಂದಿತ್ತು, ಕುಡಿಯೂ ನೀರು ಉಪ್ಪಾತು, ಹೊಲ ಉಪ್ಪಾತು ಅಂತ. ಇದ್ರ ಮ್ಯಾಲ ವೈರಸ್ಸೂ ಬಂತಂದ್ರ ನದಿ ಏನು ತಡಕೋಬೇಕು?

ಅಥಣಿ ಹೊಂಡದವ · ನವೆಂಬರ್ 23, ಬೆಳಿಗ್ಗೆ 9:05

ಅಜ್ಜಾರ, ನಿಮ್ಮ ಮಾತು ತಗದ ಹಾಕೂದಿಲ್ಲ. ಬಸಿಗಾಲುವಿಗೆ ನಾನೂ ಮೂರು ವರ್ಷ ಅಡ್ಡಾಡೀನಿ. ನಮ್ಮ ಹೊಲ ತಗ್ಗಿನಾಗ ಐತಿ, ಬಸದ ನೀರು ಹೋಗಾಕ ಬಾಜೂ ನಾಲ್ಕು ಮಂದಿ ಹೊಲದಾಗ ಪೈಪ್ ಹಾಯಿಸಬೇಕು, ಇಬ್ಬರು ಒಪ್ಪಲಿಲ್ಲ. ಹದಿನೈದು ವರ್ಷ ಬೀಳು ಬಿಟ್ಟ ನೆಲ ನೋಡಿ ನೋಡಿ ಕಣ್ಣು ಸೋತಾವ್ರಿ. ಸ್ಯಾಂಪಲ್ ಈಗ ಕಳಿಸಿದೆ. ಇವತ್ತ ಮೂರು ಬುಟ್ಟಿ ಸತ್ತಾವ.

ಜಮಖಂಡಿ ರೈತ · ನವೆಂಬರ್ 23, ಮಧ್ಯಾಹ್ನ 1:20

ರಾತ್ರಿಯಿಂದ ನಾಲ್ಕ ಸಲ ಬರದು ಅಳಿಸೀನಿ. ಅಥಣಿಯವರ, ನೀವು ಯಾರು ಅಂತ ನನಗ ಗೊತ್ತಾತು. ನವೆಂಬರ್ 10ಕ್ಕ ತೂಕ ನೋಡಾಕ ಬೀಸೂ ಬಲಿ ಬೇಕು ಅಂತ ನನ್ನ ಕಡಿಂದ ಒಯ್ದವರು ನೀವ. ಆ ಬಲಿ ಹಿಂದಿನ ದಿನ ನನ್ನ ಹೊಂಡದಾಗ ಬೀಸಿದ್ದೆ, ಹಸಿ ಇತ್ತು.

ನನ್ನ ಹೊಂಡದಾಗ ನವೆಂಬರ್ 12ರಿಂದ ಸಾಯಾಕ ಹತ್ತಿದ್ವು. ಒಂದು ವಾರದಾಗ ಖಾಲಿ. ನಾ ಯಾರಿಗೂ ಹೇಳಲಿಲ್ಲ. ಬ್ಯಾಂಕಿನವರಿಗೆ ಗೊತ್ತಾದ್ರ ಏನಂತಾರು, ಊರಾಗ ಮೊದಲ "ಈ ಮನ್ಯಾಗ ಸಿಗಡಿ ಸಾಕ್ಯಾರ" ಅಂತ ಮಾತಾಡತಿದ್ರು, ಸತ್ವು ಅಂದ್ರ ಇನ್ನೇನಂತಾರು ಅಂತ ಹೆದರಿ ರಾತ್ರೋರಾತ್ರಿ ನೀರು ಬಿಟ್ಟೆ. ನಿಮಗರ ಒಂದು ಫೋನ್ ಮಾಡಿ ಬಲಿ ಬಳಸಬ್ಯಾಡ್ರಿ ಅಂತ ಹೇಳಬೇಕಿತ್ತು. 12ನೇ ತಾರೀಖಿಗೆ ಹೇಳಿದ್ರೂ ನೀವು ಬಲಿ ಬಳಸಿ ಮುಗಿದಿರತಿತ್ತೋ ಏನೋ, ಆದ್ರ ಹೇಳೂದು ನನ್ನ ಕೆಲಸ ಆಗಿತ್ತು. ನನ್ನ ತಪ್ಪಿನಿಂದ ನಿಮಗ ಬಂದಿದ್ರ ನಾ ಏನು ಮಾಡಿದ್ರ ತೀರತೈತಿ ನನಗ ತಿಳೀವಲ್ದು.

ಅಥಣಿ ಹೊಂಡದವ · ನವೆಂಬರ್ 23, ಮಧ್ಯಾಹ್ನ 3:45

ಓದಿ ಸುಮ್ಮ ಕುಂತಿದ್ದೆ. ಸಿಟ್ಟು ಬರಲಿಲ್ಲ ಅಂದ್ರ ಸುಳ್ಳಾಗತೈತಿ. ಮನಿಯಾಕಿಗೆ ಓದಿ ಹೇಳಿದೆ. ಆಕಿ ಅಂದ್ಳು, "ನಿನ್ನಿ ರಾತ್ರಿ ನೀವೂ ತೂಬು ತಗಿಯೂ ಹಂತಕ್ಕ ಬಂದಿದ್ರಲ್ಲ." ಖರೇ ಐತಿ. ಅಣ್ಣಾರ, ನೀವು ಹೇಳಿದ್ದಕ್ಕ ನಿಮ್ಮ ಮ್ಯಾಲಿನ ಮರ್ಯಾದಿ ಕಡಿಮಿ ಆಗಿಲ್ಲ. ನಿಮ್ಮ ಹೊಂಡ ಮೊದಲ ಒಣಗಿಸ್ರಿ.

ಭೂತನಾಳ ಮೀನು · ನವೆಂಬರ್ 23, ಸಂಜೆ 5:10

ಜಮಖಂಡಿಯವರೇ, ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ಹಸಿ ಬಲೆಯಿಂದ ಬರುವ ಸಾಧ್ಯತೆ ಇದೆ, ಹತ್ತು ದಿನದ ಲೆಕ್ಕವೂ ಕೂಡುತ್ತದೆ. ಆದರೆ ಬಲೆಯೊಂದೇ ದಾರಿಯಲ್ಲ. ಅಥಣಿಯವರೇ, ನಿಮ್ಮ ಮರಿ ಎಲ್ಲಿಂದ ಬಂತು, ಪರೀಕ್ಷೆಯ ಕಾಗದ ಕೊಟ್ಟಿದ್ದರಾ?

ಅಥಣಿ ಹೊಂಡದವ · ನವೆಂಬರ್ 23, ಸಂಜೆ 5:40

ಪೂರ್ವ ಕರಾವಳಿಯ ಮರಿ ಮಾಡಿ ಮಾರೂ ಒಂದು ಹ್ಯಾಚರಿ, ನಡುವ ಏಜೆಂಟ್. ಪಿಸಿಆರ್ ನೆಗೆಟಿವ್ ಅಂತ ಜೆರಾಕ್ಸ್ ಕೊಟ್ಟಾರ. ಈಗ ತಗದು ನೋಡತೀನಿ. ತಾರೀಖು ಆಗಸ್ಟ್ 9 ಅಂತ ಐತಿ. ಮರಿ ಪಿಎಲ್ 12, ಅಂದ್ರ ಪೋಸ್ಟ್‌ಲಾರ್ವಾ ಹಂತಕ್ಕ ಬಂದು 12 ದಿನ ಆದದ್ದು.

ಭೂತನಾಳ ಮೀನು · ನವೆಂಬರ್ 23, ಸಂಜೆ 5:52

ಆ ಕಾಗದ ನಿಮ್ಮ ಮರಿಯದ್ದಲ್ಲ. ಮೊಟ್ಟೆಯೊಡೆದು ಪಿಎಲ್ ಹಂತಕ್ಕೆ ಬರಲು ಸುಮಾರು ಹತ್ತು ಹನ್ನೊಂದು ದಿನ, ಆಮೇಲೆ 12 ದಿನ ಸೇರಿಸಿ. ಅಕ್ಟೋಬರ್ 11ಕ್ಕೆ ಬಂದ ಪಿಎಲ್ 12 ಹುಟ್ಟಿದ್ದೇ ಸೆಪ್ಟೆಂಬರ್ ಮೂರನೇ ವಾರದಲ್ಲಿ. ಆಗಸ್ಟ್ 9ಕ್ಕೆ ಪರೀಕ್ಷೆ ಮಾಡಿದಾಗ ನಿಮ್ಮ ಮರಿಗಳು ಇನ್ನೂ ಮೊಟ್ಟೆಯೇ ಆಗಿರಲಿಲ್ಲ.

ಇದನ್ನು ಎಲ್ಲರೂ ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ನಮ್ಮ ಹೊಂಡದಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ, ಸಮುದ್ರದ ರೋಗ ಇಲ್ಲಿಗೆ ಹೇಗೆ ಬಂದೀತು ಅಂತ ನಾವು ನೆಮ್ಮದಿಯಾಗಿರುತ್ತೇವೆ. ಮರಿಯ ಆಕ್ಸಿಜನ್ ಚೀಲದಲ್ಲೇ ಬರುತ್ತದೆ. ತಾಯಿ ಸಿಗಡಿಗೆ ವೈರಸ್ ಇದ್ದರೆ ಮರಿಗೂ ದಾಟುತ್ತದೆ. 2009ರಲ್ಲಿ ವನ್ನಾಮಿಗೆ ಅನುಮತಿ ಕೊಟ್ಟಾಗ ರೋಗಾಣುಮುಕ್ತ ತಾಯಿ ಸಿಗಡಿಯನ್ನೇ ಹೊರದೇಶದಿಂದ ತರಿಸಿ ಚೆನ್ನೈನ ಕ್ವಾರಂಟೈನ್ ಕೇಂದ್ರದಲ್ಲಿಟ್ಟು ಹ್ಯಾಚರಿಗೆ ಕೊಡಬೇಕು ಅಂತ ನಿಯಮ ಮಾಡಿದ್ದು ಇದೇ ಕಾರಣಕ್ಕೆ. ಆ ದಾರಿ ಬಿಟ್ಟು ಹೊಂಡದಲ್ಲೇ ಬೆಳೆದ ಸಿಗಡಿಯನ್ನು ತಾಯಿ ಮಾಡಿಕೊಂಡು ಕಡಿಮೆ ಬೆಲೆಗೆ ಮರಿ ಮಾರುವವರಿದ್ದಾರೆ. ಇನ್ನೊಂದು ತಪ್ಪು ತಿಳಿವಳಿಕೆ: ರೋಗಾಣುಮುಕ್ತ ಅಂದರೆ ರೋಗ ತಡೆಯುವ ಶಕ್ತಿ ಇದೆ ಅಂತಲ್ಲ. ಬರುವಾಗ ಚೊಕ್ಕ ಇತ್ತು, ಅಷ್ಟೇ. ಸಿಗಡಿಯ ಮೈಯಲ್ಲಿ ನಮ್ಮ ಹಾಗೆ ಪ್ರತಿಕಾಯ ಹುಟ್ಟುವುದಿಲ್ಲ, ಹಾಗಾಗಿ ನಾವು ತಿಳಿದ ಅರ್ಥದ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ಆಂಟಿಬಯೋಟಿಕ್ ವೈರಸ್ಸಿಗೆ ತಗಲುವುದೇ ಇಲ್ಲ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಅಂತೂ ನಿಷೇಧಿತ.

ಇನ್ನು ಚಳಿ. ನೀರು 32 ಡಿಗ್ರಿ ದಾಟಿದರೆ ಈ ವೈರಸ್ ಸಿಗಡಿಯೊಳಗಿದ್ದರೂ ಕೈಕಟ್ಟಿ ಕೂರುತ್ತದೆ, ಸಾವು ಕಡಿಮೆ. ನಿಮ್ಮ ಮೊದಲ ಬೆಳೆ ಏಪ್ರಿಲ್ ಮೇ ಬಿಸಿಲಲ್ಲಿತ್ತು. ಈಗ ನಮ್ಮ ಕಡೆ ರಾತ್ರಿ ನೀರು ಎಷ್ಟಿದೆ?

ಅಥಣಿ ಹೊಂಡದವ · ನವೆಂಬರ್ 23, ಸಂಜೆ 6:30

ಮುಂಜಾನೆ 22 ಡಿಗ್ರಿ ಸರ್.

ಅಥಣಿ ಹೊಂಡದವ · ನವೆಂಬರ್ 25, ಸಂಜೆ 4:00

ರಿಪೋರ್ಟ್ ಬಂತು. ಬಿಳಿಚುಕ್ಕಿ ವೈರಸ್ ಪಾಸಿಟಿವ್, ಮೊದಲನೇ ಸುತ್ತಿನಾಗ. ಈಗ ಮೂರು ಪಾಲಿನಾಗ ಎರಡು ಪಾಲು ಸತ್ತಾವ. ಉಳದವು ಆರು ಗ್ರಾಂ. ವ್ಯಾಪಾರಿ ಫೋನ್‌ದಾಗ ಕೇಳಿದ ರೇಟಿಗೆ ಐಸಿನ ಖರ್ಚು ಹೊಂಡೂದಿಲ್ಲ. ಮುಂದ ಏನ ಮಾಡಲಿ ಹೇಳ್ರಿ.

ಭೂತನಾಳ ಮೀನು · ನವೆಂಬರ್ 25, ಸಂಜೆ 4:35

ಮೊದಲ ಸುತ್ತಿನಲ್ಲೇ ಸಿಕ್ಕಿದೆ ಅಂದರೆ ಸೋಂಕು ಭಾರಿ ಇದೆ. ಬದುಕಿರುವುದನ್ನು ಬಲೆಯಲ್ಲಿ ಹಿಡಿದು ಹೊಂಡದ ಹತ್ತಿರವೇ ಕುದಿಸಿಬಿಡಿ. ಈ ವೈರಸ್ 60 ಡಿಗ್ರಿಯಲ್ಲಿ ಒಂದು ನಿಮಿಷದೊಳಗೆ ಸಾಯುತ್ತದೆ. ತೊಳೆದ ನೀರನ್ನು ಹೊಂಡಕ್ಕೇ ಸುರಿಯಿರಿ, ಹಳ್ಳಕ್ಕಲ್ಲ. ಹಸಿಯದನ್ನು ಯಾರಿಗೂ ಮಾರಬೇಡಿ, ಮೀನು ಹಿಡಿಯುವವರು ಗಾಳಕ್ಕೆ ಹಾಕಿದರೂ ಹರಡುತ್ತದೆ.

ಆಮೇಲೆ ನೀರು. ಒಂದೆಕರೆ, ಒಂದು ಮೀಟರ್ ಆಳ ಅಂದರೆ ಹತ್ತಿರ ಹತ್ತಿರ 40 ಲಕ್ಷ ಲೀಟರ್. ಕ್ಲೋರಿನ್ 30 ಪಿಪಿಎಂ, ಅಂದರೆ ಲೀಟರಿಗೆ 30 ಮಿಲಿಗ್ರಾಂ ಬೇಕು, ಒಟ್ಟು 120 ಕಿಲೋ ಕ್ಲೋರಿನ್. ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ 30ರಷ್ಟು ಕ್ಲೋರಿನ್ ಇದ್ದರೆ 400 ಕಿಲೋ, 25 ಕಿಲೋದ 16 ಚೀಲ. ಹಳೆಯ ಚೀಲದಲ್ಲಿ ಶಕ್ತಿ ಹೋಗಿರುತ್ತದೆ, ತಯಾರಾದ ತಾರೀಖು ನೋಡಿ ತನ್ನಿ. ಅದಕ್ಕೂ ಮೊದಲು ಸುಣ್ಣ ಹಾಕಬೇಡಿ, ಪಿಎಚ್ ಏರಿದರೆ ಕ್ಲೋರಿನ್ ಕೆಲಸ ಮಾಡುವುದು ಕಡಿಮೆ, ನಿಮ್ಮ ನೀರು ಮೊದಲೇ ಕ್ಷಾರ. ಬಿಸಿಲಿಗೆ ಹಾರಿಹೋಗುತ್ತದೆ, ಹೊತ್ತು ಮುಳುಗಿದ ಮೇಲೆ ಹಾಕಿ. ಗಾಳಿಗೆ ಬೆನ್ನು ಮಾಡಿ ನಿಂತು, ಮೂಗು ಬಾಯಿ ಕಣ್ಣು ಮುಚ್ಚಿಕೊಂಡು. ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಒಂದು ತಾಸು ತಿರುಗಿಸಿ ಕಲಸಿ ನಿಲ್ಲಿಸಿ. ಒಂದು ವಾರ ನೀರು ಅಲುಗಬಾರದು.

ರಾಯಬಾಗ ಹುಡುಗ · ನವೆಂಬರ್ 25, ಸಂಜೆ 5:00

ಪುಡಿ ಒಣದ ಬೀಸಬ್ಯಾಡ್ರಿ ಅಣ್ಣಾರ, ಕಣ್ಣಿಗೆ ಹೊಡೀತೈತಿ. ಡ್ರಮ್ಮಿನಾಗ ನೀರು ಹಾಕಿ ಕಲಸಿ ತಿಳಿ ಮಾಡಿ ಬಕೆಟ್‌ಲೆ ಚೆಲ್ಲರಿ. ಮೂಲಿ ಮೂಲಿ ಬಿಡಬ್ಯಾಡ್ರಿ, ಅಲ್ಲೇ ಉಳಕೋತೈತಿ.

ಅಥಣಿ ಹೊಂಡದವ · ನವೆಂಬರ್ 29, ರಾತ್ರಿ 8:15

ಎರಡು ದಿನ ಕುದಿಸೂದ ಕೆಲಸ ಆತು. ನಮ್ಮ ಹಳೇ ಗಾಣದ ಮನ್ಯಾಗ ತಳ ಸವದ ಒಂದು ಬೆಲ್ಲದ ಕೊಪ್ಪರಿಗಿ ಬಿದ್ದಿತ್ತು, ಅದನ್ನ ಟ್ರ್ಯಾಕ್ಟರ್‌ದಾಗ ಹಾಕಿ ಹೊಂಡದ ದಂಡಿಗೆ ತಂದ್ವಿ. ಕಬ್ಬಿನ ಸಿಪ್ಪಿ ಉರಿಸಿ ಉಪ್ಪುನೀರು ಕುದಿಸಿ, ಬಲಿಯಿಂದ ನೇರ ಕೊಪ್ಪರಿಗಿಗೆ. ಬೂದು ಬಣ್ಣದ್ದು ಕಣ್ಣು ಮುಚ್ಚಿ ತಗಿಯೂದರಾಗ ಕೆಂಪಗ ಆಗತಿದ್ವು. ಹೊಗಿಗೆ ಕಣ್ಣೀರೋ ಸಂಕಟಕ್ಕ ಕಣ್ಣೀರೋ ಗೊತ್ತಾಗಲಿಲ್ಲ. ಜಮಖಂಡಿ ಅಣ್ಣಾರು ತಮ್ಮ ಇಬ್ಬರು ಆಳು ಕರಕೊಂಡು ಬಂದು ಎರಡೂ ದಿನ ಒಲಿ ಮುಂದ ನಿಂತ್ರು. ಭಾಳ ಮಾತಾಡಲಿಲ್ಲ, ನಾನೂ ಆಡಿಸಲಿಲ್ಲ. ಹೋಗೂಮುಂದ ಬ್ಲೀಚಿಂಗ್ ಚೀಲದ ಅರ್ಧ ರೊಕ್ಕ ಮನಿಯಾಕಿ ಕೈಯಾಗ ಕೊಟ್ಟು ಹೋದ್ರು.

ಮ್ಯಾಲ ಬಲಿ ಹಚ್ಚಿ ಒಣಾ ಹಾಕೀವಿ. ಒಣಗಿದ ಮ್ಯಾಲ ಎಷ್ಟ ಕಿಲೋ ಆಗತೈತೋ ನೋಡಬೇಕು. ಬೆಳಗಾವಿ ಪ್ಯಾಟ್ಯಾಗ ಒಣ ಸಿಗಡಿ ತಗೊಳ್ಳೋರು ಅದಾರ ಅಂತ ಕುಮಟಾ ಅಕ್ಕಾರು ನಂಬರ್ ಕಳಿಸ್ಯಾರ. ಇವತ್ತ ಹೊತ್ತು ಮುಳುಗಿದ ಮ್ಯಾಲ 16 ಚೀಲ ಹಾಕಿದ್ವಿ. ಈಗ ಹೊಂಡದಾಗ ಒಂದೂ ಹುಳ ಅಲಗವಲ್ದು.

ಹಿಪ್ಪರಗಿ ಕೆಳಗಿನವ · ನವೆಂಬರ್ 30, ಬೆಳಿಗ್ಗೆ 7:00

ಚಲೋ ಮಾಡಿದಿ ತಮ್ಮಾ. ಆದ್ರ ಕ್ಲೋರಿನ್ ಹಾರಿ ಹೋದ ಮ್ಯಾಲೂ ಉಪ್ಪು ಹಾರಂಗಿಲ್ಲ. ಲೀಟರಿಗೆ 6 ಗ್ರಾಂ ಅಂದಿ. 40 ಲಕ್ಷ ಲೀಟರಿಗೆ 24 ಟನ್ ಉಪ್ಪು. ಅದನ್ನ ಹಳ್ಳಕ್ಕ ಬಿಟ್ರ ಕೆಳಗ ಮೋಟರ್ ಇಟ್ಟವರ ಹೊಲಕ್ಕ ಹೋಗತೈತಿ. ಅದಕ್ಕೇನ ದಾರಿ ಹುಡಕಿ?

ಅಥಣಿ ಹೊಂಡದವ · ನವೆಂಬರ್ 30, ಬೆಳಿಗ್ಗೆ 9:20

ಅಜ್ಜಾರ, ನಿಮ್ಮ 24 ಟನ್ ಲೆಕ್ಕ ಓದಿ ನನಗ ಗಾಬರಿ ಆತು, ಇಷ್ಟ ದಿನ ಹಂಗ ಲೆಕ್ಕ ಹಾಕೇ ಇರಲಿಲ್ಲ. ಬೀಳು ಬಿದ್ದ ಇನ್ನೊಂದು ಸವಳು ಎಕರೆದಾಗ ಅರ್ಧ ಎಕರೆ ಹೊಂಡ ತಗಿಸತೀನಿ. ಒಂದು ಮೀಟರ್ ತೋಡಿ ಅದ ಮಣ್ಣಿಂದ ಒಂದು ಮೀಟರ್ ಒಡ್ಡು ಏರಿಸಿದ್ರ 40 ಲಕ್ಷ ಲೀಟರ್ ಹಿಡೀತೈತಿ. ನೀರು ಅಲ್ಲಿಗೆ ಎತ್ತಿ ಇಟ್ಟು ಮುಂದಿನ ಬೆಳಿಗೆ ಅದನ್ನ ತಿರಗಿ ಬಳಸತೀನಿ. ಬಾಜೂದವರ ಹೊಲಕ್ಕ ಬಸೀಬಾರದು ಅಂತ ಸುತ್ತಲೂ ಒಂದು ಸಣ್ಣ ಗಟಾರ, ಅದರ ನೀರೂ ಒಳಗ. ಜೆಸಿಬಿ ಐದು ದಿನ ಆಗತೈತಿ. ಮತ್ತ ಸಾಲ.

ಹಿಪ್ಪರಗಿ ಕೆಳಗಿನವ · ನವೆಂಬರ್ 30, ಬೆಳಿಗ್ಗೆ 9:50

ಸಿಗಡಿ ನಮ್ಮ ಎರಿ ಭೂಮಿಗೆ ಒಪ್ಪೂ ಬೆಳಿ ಅಂತ ನಾ ಈಗೂ ಒಪ್ಪಂಗಿಲ್ಲ. ಆದ್ರ ನಿನ್ನಂಗ ಮಾಡೋರು ಕೃಷ್ಣಾ ದಂಡಿಗೆ ಇದ್ರ ನಾ ಜಗಳಕ್ಕ ಬರಂಗಿಲ್ಲ.

ಕುಮಟಾ ಮಗಳು · ಡಿಸೆಂಬರ್ 6, ಮಧ್ಯಾಹ್ನ 12:10

ಅಣ್ಣಾ, ಮುಂದಿನ ಸಲ ಮರಿ ತರುವಾಗ ಏಜೆಂಟನ್ನು ನಂಬಬೇಡಿ. ತವರಲ್ಲಿ ಈಗ ನನ್ನ ತಮ್ಮ ಸಾಕುತ್ತಾನೆ. ಅವನು ತಾನೇ ಹ್ಯಾಚರಿಗೆ ಹೋಗಿ ತನ್ನ ತೊಟ್ಟಿಯ ಮರಿಯನ್ನು ತನ್ನ ಕಣ್ಣೆದುರು ಎತ್ತಿಸಿ, 150 ಮರಿಯ ಸ್ಯಾಂಪಲ್ ಪರೀಕ್ಷೆಗೆ ಕೊಡುತ್ತಾನೆ. ನೂರಕ್ಕೆ ಎರಡು ಮರಿಗೆ ಸೋಂಕಿದ್ದರೂ 150 ತೆಗೆದರೆ ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ 95. ಅಷ್ಟು ದೂರದ ಬಸ್ಸಿನ ಖರ್ಚು ದಂಡ ಅಂತ ಅಮ್ಮ ಬೈಯುತ್ತಿದ್ದರು, ಈಗ ಬೈಯುವುದಿಲ್ಲ.

ಅಥಣಿ ಹೊಂಡದವ · ಜನವರಿ 19, ಸಂಜೆ 6:00

ಭಾಳ ದಿನಕ್ಕ ಬರದೆ. ನೀರು ಡಿಸೆಂಬರ್ ನಡುವ ಹೊಸಾ ಹೊಂಡಕ್ಕ ಎತ್ತಿದ್ವಿ. ಹಳೇ ಹೊಂಡ ಒಣಗಿ ಬಿರಕ ಬಿಟ್ಟೈತಿ, ಮುಂಗೈ ಪೂರಾ ಒಳಗ ಹೋಗತೈತಿ. ಮ್ಯಾಲಿನ ಕರಿ ಕೆಸರು ನಾಲ್ಕು ಬೆರಳ ಕೆರಿಸಿ ತಗಿಸಿದೆ. ಹಳ್ಳದ ಕೆಳಗಿನ ಇಬ್ಬರಿಗೂ ನಾನ ಹೋಗಿ ಹೇಳಿ ಬಂದೀನಿ, ಅವರೂ ಸ್ಯಾಂಪಲ್ ಕೊಟ್ಟಾರ, ಎರಡೂ ನೆಗೆಟಿವ್. ಅವತ್ತ ರಾತ್ರಿ ಚಲೋ ನಿದ್ದಿ ಬಂತು.

ಹೋದ ವಾರ ಒಡ್ಡಿನ ತೂತಿನಾಗ ಗುದ್ದಲಿ ಹಾಕಿದಾಗ ಏಳು ಏಡಿ ಸಿಕ್ವು. ಹಳ್ಳದ ಕಡೆ ಒಡ್ಡು. ಭೂತನಾಳ ಸರ್ ಹೇಳಿದಂಗ ಕಿವಿರು ಆಲ್ಕೋಹಾಲಿನಾಗ ಹಾಕಿ ಕಳಿಸಿದೆ. ಇವತ್ತ ರಿಪೋರ್ಟ್ ಬಂತು: ಮೊದಲನೇ ಸುತ್ತು ನೆಗೆಟಿವ್, ಎರಡನೇ ಸುತ್ತು ಪಾಸಿಟಿವ್.

ಭೂತನಾಳ ಮೀನು · ಜನವರಿ 19, ಸಂಜೆ 6:40

ಎರಡನೇ ಸುತ್ತಿನಲ್ಲಿ ಮಾತ್ರ ಅಂದರೆ ಮೈಯಲ್ಲಿ ಸ್ವಲ್ಪವೇ ಇದೆ, ಹೊತ್ತುಕೊಂಡು ತಿರುಗುತ್ತಿವೆ. ನಿಮ್ಮ ಹೊಂಡದಿಂದ ಏಡಿಗೆ ಹೋಯಿತೋ, ಏಡಿಯಿಂದ ಹೊಂಡಕ್ಕೆ ಬಂತೋ ಈಗ ಹೇಳಲಾಗದು. ಒಡ್ಡಿನ ಪ್ರತಿ ತೂತನ್ನೂ ಅಗೆದು ಏಡಿ ಹಿಡಿದು ಕುದಿಸಿ, ತೂತಿಗೆ ಬ್ಲೀಚಿಂಗ್ ತಿಳಿ ಸುರಿದು ಮಣ್ಣು ತುಂಬಿ ಗುದ್ದಿ. ಏಡಿ ಬೇಲಿ ಕಟ್ಟದೆ ಮರಿಗೆ ಆರ್ಡರ್ ಕೊಡಬೇಡಿ. ಮಾರ್ಚ್‌ಗಿಂತ ಮೊದಲು ಬಿಡುವುದೂ ಬೇಡ, ನೀರು ಕಾಯಲಿ.

ಅಥಣಿ ಹೊಂಡದವ · ಜನವರಿ 19, ಸಂಜೆ 7:05

ಬೇಲಿಗೆ ಯಾವ ಹಾಳಿ ಹಚ್ಚಬೇಕ್ರಿ? ಬಲಿ ಹಚ್ಚಿದ್ರ ಹತ್ತಿ ದಾಟತಾವ ಅಂತಾರ.

ರಾಯಬಾಗ ಹುಡುಗ · ಜನವರಿ 19, ಸಂಜೆ 7:20

ಬಲಿ ಬ್ಯಾಡ್ರಿ ಅಣ್ಣಾರ, ಕಾಲು ಸಿಗಿಸಿ ಹತ್ತತಾವ. ನುಣ್ಣನ ಪ್ಲಾಸ್ಟಿಕ್ ಹಾಳಿ, ಎರಡಡಿ ಮ್ಯಾಲ, ಅರ್ಧ ಅಡಿ ಮಣ್ಣಾಗ. ಗೂಟ ಒಳಗಿನ ಕಡೆ ಬರಬೇಕು, ಹೊರಗ ಇದ್ರ ಗೂಟ ಹಿಡದು ಏರತಾವ. ಮೂಲ್ಯಾಗ ಹಾಳಿ ಮಡಚಬ್ಯಾಡ್ರಿ, ದುಂಡಗ ತಿರಗಿಸ್ರಿ. ಶನಿವಾರ ನನಗ ಸೂಟಿ ಐತಿ, ಬಂದು ಕಟ್ಟಿಕೊಡತೀನಿ.

ಜಮಖಂಡಿ ರೈತ · ಜನವರಿ 19, ಸಂಜೆ 7:45

ಹಾಳಿ ರೋಲ್ ನನ್ನ ಕಡೆ ಒಂದು ಹೊಸಾದು ಐತಿ, ಬಿಚ್ಚಿಲ್ಲ. ಶನಿವಾರ ತರತೀನಿ. ನಿಮ್ಮದು ಮುಗದ ಮ್ಯಾಲ ನನ್ನ ಒಡ್ಡೂ ಅಗದು ನೋಡೂಣ, ಅಲ್ಲೆನೂ ತೂತು ಭಾಳ ಅದಾವ.

ಅಥಣಿ ಹೊಂಡದವ · ಜನವರಿ 19, ರಾತ್ರಿ 8:00

ಇಬ್ಬರೂ ಬರ್ರಿ. ಊಟ ನಮ್ಮನ್ಯಾಗ.